ನಾಲ್ಕು ದಿನಕ್ಕೊಂದು ವರ್ಷ

ಪ್ರಶ್ನೆ: ಸರ್, 51 ಪೆಗಾಸಿ ಬಿ ಅನ್ನೋ ಗ್ರಹ ಬರೀ ಗ್ಯಾಸಂತೆ, ನಕ್ಷತ್ರಕ್ಕೆ ಅಂಟಿಕೊಂಡ ಹಾಗೆ ಸುತ್ತುತ್ತಂತೆ. ಕಣ್ಣಿಗೇ ಕಾಣದ್ದನ್ನ ಹೆಂಗೆ ಕಂಡುಹಿಡಿದ್ರು, ಅಷ್ಟು ಕಾವಿಗೆ ಗ್ಯಾಸ್ ಹಾರೋಗಲ್ವಾ ಅಂತ ಮಗಳು ಕೇಳ್ತಿದಾಳೆ. ನಂಗೆ ಉತ್ತರ ಹೊಳೀಲಿಲ್ಲ. - ಒಬ್ಬ ತಾಯಿ, ಹಾಸನ

ಉತ್ತರ: ಮಗಳು ಸರಿಯಾಗೇ ಕೇಳಿದಾಳೆ ಮೇಡಂ. ಅವಳ ಎರಡೂ ಕೈ ಹಿಡ್ಕೊಂಡು ಗಿರಗಿರ ತಿರುಗಿಸಿದ್ದು ನೆನಪಿದ್ಯಾ? ಮಗು ದೊಡ್ಡ ಸುತ್ತು ಹಾಕುತ್ತೆ, ಆದ್ರೆ ನೀವೂ ನೆಟ್ಟಗೆ ನಿಂತಿರಲ್ಲ, ಹಿಂದಕ್ಕೆ ವಾಲ್ಕೊಂಡು ಒಂದು ಚಿಕ್ಕ ಸುತ್ತು ಹೊಡೀತೀರ. ನಕ್ಷತ್ರದ ಕಥೇನೂ ಅಷ್ಟೇ, ಗ್ರಹ ಸುತ್ತೋವಾಗ ಅದೂ ಚೂರು ಓಲಾಡುತ್ತೆ. ಅದು ನಮ್ಮ ಕಡೆ ಬಂದಾಗ ಬೆಳಕು ಒಂಚೂರು ನೀಲಿ ಕಡೆ, ದೂರ ಹೋದಾಗ ಕೆಂಪು ಕಡೆ ಸರಿಯುತ್ತೆ, ಇದು ನಮ್ಮ ಕಣ್ಣಿಗೆ ಗೊತ್ತಾಗಲ್ಲ, ಬೆಳಕನ್ನ ಬಿಡಿಸಿ ನೋಡೋ ಸ್ಪೆಕ್ಟ್ರೋಗ್ರಾಫಿಗೆ ಗೊತ್ತಾಗುತ್ತೆ.

ಜಿನೀವಾದ ಖಗೋಳ ವಿಜ್ಞಾನಿ ಮಿಶೆಲ್ ಮೇಯರ್ ಮತ್ತೆ ಅವರ ಸ್ಟೂಡೆಂಟ್ ಡಿಡಿಯೆ ಕೆಲೋಜ್ ಫ್ರಾನ್ಸಿನ ಒಂದು ಅಬ್ಸರ್ವೇಟರಿಯಲ್ಲಿ ಹಿಡಿದಿದ್ದು ಈ ಓಲಾಟಾನೇ, ಸೆಕೆಂಡಿಗೆ 50-60 ಮೀಟರ್, ಅಂದ್ರೆ ಗಂಟೆಗೆ ಸುಮಾರು 200 ಕಿಲೋಮೀಟರ್. ಆದ್ರೆ ಅದು 4.2 ದಿನಕ್ಕೊಂದ್ಸಲ ರಿಪೀಟ್ ಆಗ್ತಿತ್ತು! ನಮ್ಮ ದೊಡ್ಡ ಗ್ರಹ ಗುರು ಸೂರ್ಯನಿಗೆ ಒಂದು ಸುತ್ತು ಮುಗಿಸೋಕೆ ಹತ್ತತ್ರ 12 ವರ್ಷ ತಗೊಳ್ಳುತ್ತೆ, ಇದೇನಪ್ಪಾ ವಾರದೊಳಗೆ ವರ್ಷ ಮುಗಿಸುತ್ತೆ ಅಂತ ಕೆಲೋಜ್ ಮೊದ್ಲು ಮಿಷಿನ್ನೇ ಕೆಟ್ಟಿದೆ ಅಂದ್ಕೊಂಡಿದ್ರು. ಆಮೇಲೆ ಆ ನಕ್ಷತ್ರ ಮತ್ತೆ ರಾತ್ರಿ ಆಕಾಶಕ್ಕೆ ಬರೋವರೆಗೂ ತಿಂಗಳುಗಟ್ಟಲೆ ಕಾದು, ಇನ್ನೊಂದ್ಸಲ ಅಳೆದು, ಅಕ್ಟೋಬರ್ 1995ರಲ್ಲಿ ಬಾಯಿ ಬಿಟ್ರು. 2019ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಇನ್ನು ಗ್ಯಾಸ್ ವಿಷಯ. ನಿಜ ಹೇಳ್ಬೇಕಂದ್ರೆ ಓಲಾಟದಿಂದ ಸಿಗೋದು ತೂಕ ಮಾತ್ರ, ಅದೂ ಕನಿಷ್ಠ ಇಷ್ಟು ಅಂತ: ಗುರುವಿನ ಅರ್ಧದಷ್ಟು, ಭೂಮಿಯ ಸುಮಾರು 150 ಪಟ್ಟು. ಅಷ್ಟು ತೂಕದ ಬರೀ ಕಲ್ಲಿನ ಗ್ರಹ ಆಗೋದು ಕಷ್ಟ ಅನ್ನೋದು ಲೆಕ್ಕಾಚಾರ. ಗಟ್ಟಿ ಸಾಕ್ಷಿ ಸಿಕ್ಕಿದ್ದು 1999ರಲ್ಲಿ, ಅದೇ ಪೆಗಾಸಸ್ ಪುಂಜದ ಎಚ್‌ಡಿ 209458 ಅನ್ನೋ ನಕ್ಷತ್ರದ ಹತ್ರ. ಅದರ ಗ್ರಹ ಮೂರೂವರೆ ದಿನಕ್ಕೊಮ್ಮೆ ನಕ್ಷತ್ರದ ಮುಂದೆ ಹಾದು ಬೆಳಕನ್ನ ಒಂದೂವರೆ ಪರ್ಸೆಂಟಿನಷ್ಟು ಮರೆ ಮಾಡುತ್ತೆ, ಅದ್ರಿಂದ ಗಾತ್ರ ಸಿಕ್ತು, ತೂಕ ಗುರುಗಿಂತ ಕಮ್ಮಿ, ಗಾತ್ರ ಗುರುಗಿಂತ ಜಾಸ್ತಿ, ನೀರಿನ ಅರ್ಧದಷ್ಟೂ ಸಾಂದ್ರತೆ ಇಲ್ಲ! ಗ್ಯಾಸ್ ಅಲ್ದೆ ಇನ್ನೇನು?

ಹಾರೋಗಲ್ವಾ ಅಂದ್ರೆ, ಹೋಗುತ್ತೆ ಸ್ವಲ್ಪ. ಎಚ್‌ಡಿ 209458ರ ಗ್ರಹದಿಂದ ಹೈಡ್ರೋಜನ್ ಸೋರ್ತಿರೋದನ್ನ ಹಬಲ್ ಅನ್ನೋ ಬಾಹ್ಯಾಕಾಶ ಟೆಲಿಸ್ಕೋಪ್ ನೋಡಿದೆ. ಆದ್ರೆ ಸಿಲಿಂಡರ್ ಗ್ಯಾಸ್ ಅಂದ್ಕೋಬೇಡಿ, ಇಲ್ಲಿ ಆ ಗ್ಯಾಸಿನ ತೂಕವೇ ಅದನ್ನ ಹಿಡಿದಿಟ್ಕೊಂಡಿರೋದು, ಕೋಟಿಗಟ್ಟಲೆ ವರ್ಷ ಸೋರಿದ್ರೂ ಖಾಲಿ ಆಗಲ್ಲ.

ಮಗಳಿಗೆ ತೋರಿಸ್ಬೇಕಾ? ನವೆಂಬರ್ ಸಂಜೆ ಏಳೂವರೆ ಎಂಟಕ್ಕೆ ನೆತ್ತಿ ಮೇಲೆ ನಾಲ್ಕು ನಕ್ಷತ್ರದ ದೊಡ್ಡ ಚೌಕ ಕಾಣುತ್ತೆ, ಅದರ ಪಶ್ಚಿಮದ ಎರಡು ನಮ್ಮ ಪಂಚಾಂಗದ ಪೂರ್ವಾಭಾದ್ರ. ಆ ಎರಡರ ನಡುವೆ, ಚೌಕದಿಂದ ಚೂರು ಹೊರಗೆ, ಕರೆಂಟ್ ಹೋದ ರಾತ್ರಿ ಮಾತ್ರ ಕಾಣೋ ಅಷ್ಟು ಮಂಕಾಗಿರೋದೇ 51 ಪೆಗಾಸಿ. ಗ್ರಹ ಕಾಣಲ್ಲ, ಬೈನಾಕ್ಯುಲರ್ ಇದ್ರೂ ಅಷ್ಟೇ.