ಮಲೆನಾಡಿನ ನವೋದಯದಲ್ಲಿ ಏಳು ವರ್ಷ: ಒಬ್ಬ ತಾಯಿಯ ಪ್ರಶ್ನೆಗೆ ನನ್ನ ಉತ್ತರ

ಮಗಳಿಗೆ ನವೋದಯದಲ್ಲಿ, ಅಂದರೆ ಕೇಂದ್ರ ಸರ್ಕಾರದ ವಸತಿ ಶಾಲೆಯಲ್ಲಿ, 6ನೇ ತರಗತಿಗೆ ಸೀಟು ಸಿಕ್ಕಿದೆ, ಶಾಲೆ ಘಟ್ಟದ ಕಡೆ ಇದೆ, ಅಷ್ಟು ಚಿಕ್ಕ ಮಗುವನ್ನು ಬಿಟ್ಟು ಬರಲು ಮನಸ್ಸಾಗುತ್ತಿಲ್ಲ ಅಂತ ಬರೆದಿದ್ದೀರಿ. ಬೆಟ್ಟದ ಮೇಲಿನ ಹಾಸ್ಟೆಲ್ ಶಾಲೆಯಲ್ಲಿ ಓದಿದವರಿಗೆ ಆ ದಿನಗಳು ಹೇಗೆ ನೆನಪಿವೆ ಅಂತ ಕೇಳಿದ್ದೀರಿ. ನಾನು 2004ರಿಂದ 2011ರವರೆಗೆ, 6ರಿಂದ 12ರ ತನಕ, ಮಲೆನಾಡಿನ ಒಂದು ನವೋದಯದಲ್ಲಿ ಓದಿದವನು. ಹಾಗಾಗಿ ನೆನಪಾದದ್ದನ್ನೆಲ್ಲ ಬರೆಯುತ್ತೇನೆ, ಸ್ವಲ್ಪ ಉದ್ದವಾಗಬಹುದು.

ನಮ್ಮೂರು ಕಡೂರಿನ ಕಡೆ. ರಾಗಿ, ತೆಂಗು, ಒಣಗಿದ ಕೆರೆ. ಮಳೆ ಬಂದರೆ ಅಂಗಳಕ್ಕೆ ಬಂದು ನಿಂತು ನೋಡುವ ಊರು. ಅದೇ ಜಿಲ್ಲೆಯ ಇನ್ನೊಂದು ಮೂಲೆಯಲ್ಲಿ, ಕಾಫಿ ತೋಟಗಳ ನಡುವೆ ನಮ್ಮ ಶಾಲೆ. ಜುಲೈ ತಿಂಗಳಲ್ಲಿ ಅಪ್ಪ ನೀಲಿ ಬಣ್ಣದ ತಗಡಿನ ಟ್ರಂಕು ಹೆಗಲ ಮೇಲೆ ಇಟ್ಟುಕೊಂಡು, ನಾನು ಬಕೆಟ್ಟು, ಮಗ್ಗು ಹಿಡಿದುಕೊಂಡು ಗೇಟಿನ ಒಳಗೆ ಹೋದಾಗ ನಾಲ್ಕು ದಿನದಿಂದ ಮಳೆ ಬಿಟ್ಟಿರಲಿಲ್ಲವಂತೆ. ನಾನು ಅಲ್ಲಿಯವರೆಗೆ ಅಂಥ ಮಳೆ ನೋಡಿರಲೇ ಇಲ್ಲ.

ನಮ್ಮ ಮಲಗುವ ಕೋಣೆಯ ಪಕ್ಕದ ವರಾಂಡಕ್ಕೆ ತಗಡಿನ ಶೀಟು ಹೊದಿಸಿದ್ದರು. ಅದರ ಮೇಲೆ ಮಳೆ ಬಿದ್ದರೆ ಪಕ್ಕದ ಮಂಚದವನ ಮಾತೂ ಕೇಳುತ್ತಿರಲಿಲ್ಲ. ಮೊದಲ ರಾತ್ರಿ ನಾನು ಹೊದಿಕೆ ಬಾಯಿಗೆ ಒತ್ತಿಕೊಂಡು ಅತ್ತೆ. ಇಷ್ಟು ಸದ್ದಿನಲ್ಲಿ ಯಾರಿಗೆ ಕೇಳುತ್ತೆ ಅನ್ನೋ ಧೈರ್ಯ. ನಡುರಾತ್ರಿ ಮಳೆ ಒಮ್ಮೆಲೇ ನಿಂತಿತು. ಆಗ ಗೊತ್ತಾಯಿತು, ಇನ್ನೂ ನಾಲ್ಕೈದು ಮಂಚಗಳಿಂದ ಅದೇ ಸದ್ದು ಬರುತ್ತಿತ್ತು. ಎಲ್ಲರೂ ಗಪ್ಪನೆ ಸುಮ್ಮನಾದೆವು. ಬೆಳಿಗ್ಗೆ ಯಾರೂ ಆ ಬಗ್ಗೆ ಮಾತಾಡಲಿಲ್ಲ. ಆದರೆ ಪಕ್ಕದ ಮಂಚದ ಹುಡುಗ ಹಲ್ಲುಜ್ಜಲು ಹೋಗುವಾಗ ನನಗಾಗಿ ಬಾಗಿಲ ಹತ್ತಿರ ಕಾದು ನಿಂತಿದ್ದ. ಅವನು ಇವತ್ತಿಗೂ ವಾರಕ್ಕೊಮ್ಮೆಯಾದರೂ ಫೋನ್ ಮಾಡುತ್ತಾನೆ.

ನಿಮ್ಮ ಮಗಳು ಅಳುತ್ತಾಳೆ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಅವಳೊಬ್ಬಳೇ ಅಳುವುದಿಲ್ಲ. ನವೋದಯದಲ್ಲಿ 6ನೇ ತರಗತಿಗೆ ಒಟ್ಟಿಗೆ 80 ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ, ಅದರಲ್ಲಿ ನೂರಕ್ಕೆ 75 ಸೀಟು ಹಳ್ಳಿ ಮಕ್ಕಳಿಗೇ. ಅಂದರೆ ಅವಳ ಹಾಗೆ ಮೊದಲ ಸಲ ಮನೆ ಬಿಟ್ಟು ಬಂದವರೇ ಸುತ್ತಲೂ ಇರುತ್ತಾರೆ. ಈ ಒಂದು ವಿಷಯ ನನ್ನ ಅಮ್ಮನಿಗೆ ಆಗ ಯಾರಾದರೂ ಹೇಳಿದ್ದರೆ ಅವಳು ಅಷ್ಟು ದಿನ ಊಟ ಬಿಡುತ್ತಿರಲಿಲ್ಲ ಅನ್ನಿಸುತ್ತದೆ.

ದಿನಚರಿ ಎಲ್ಲ ಹಾಸ್ಟೆಲ್‌ಗಳ ಹಾಗೇ. ಬೆಳಗಿನ ಪಿ.ಟಿ., ಪ್ರಾರ್ಥನೆ, ಕ್ಲಾಸು, ಸಂಜೆ ಆಟ, ರಾತ್ರಿ ಸ್ಟಡಿ. ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ ಅಂತ ನಾಲ್ಕು ಹೌಸ್. ಎಲ್ಲವೂ ಬೆಟ್ಟಗಳ ಹೆಸರೇ, ನಾನು ನೀಲಗಿರಿ. ಈಗಲೂ ಎಲ್ಲಾದರೂ ನವೋದಯದಲ್ಲಿ ಓದಿದವರು ಸಿಕ್ಕರೆ ಊರು ಕೇಳುವ ಮೊದಲೇ "ಯಾವ ಹೌಸ್?" ಅಂತ ಕೇಳುತ್ತೇವೆ.

ಪಾಠಕ್ಕಿಂತ ಜಾಸ್ತಿ ನೆನಪಿರುವುದು ಸಾಕ್ಸ್. ಹೌದು, ಕಾಲಿಗೆ ಹಾಕುವ ಸಾಕ್ಸ್. ಜೂನ್‌ನಿಂದ ಸೆಪ್ಟೆಂಬರ್ ತನಕ ಅಲ್ಲಿ ಬಟ್ಟೆ ಒಣಗುವುದಿಲ್ಲ. ಒಗೆದು ಮೂರು ದಿನ ಆದರೂ ತಣ್ಣಗೆ, ಜಿಗಿಜಿಗಿ. ಟ್ರಂಕು ತೆಗೆದರೆ ಮುಗ್ಗಲು ವಾಸನೆ. ಒದ್ದೆ ಸಾಕ್ಸ್ ಹಾಕಿಕೊಂಡೇ ಬೆಳಿಗ್ಗೆ ಕ್ಲಾಸಿಗೆ ಹೋಗಬೇಕು, ಹನ್ನೊಂದು ಗಂಟೆ ಹೊತ್ತಿಗೆ ಕಾಲ್ಬೆರಳು ಬಿಳಿಚಿಕೊಂಡು ಸುಕ್ಕಾಗಿರುತ್ತಿತ್ತು. ಮೆಸ್ಸಿನ ಒಲೆಯ ಹಿಂದುಗಡೆ ಒಂದು ಗೋಡೆ ಇತ್ತು. ಒಳಗೆ ಬೆಳಗಿನ ಜಾವದಿಂದ ಒಲೆ ಉರಿಯುತ್ತಿದ್ದರಿಂದ ಹೊರಗಿನಿಂದಲೂ ಗೋಡೆ ಬೆಚ್ಚಗೆ ಇರುತ್ತಿತ್ತು. ಸೂರಿನ ಕೆಳಗಿದ್ದ ಕಾರಣ ಮಳೆ ಎರಚಲೂ ಬರುತ್ತಿರಲಿಲ್ಲ. ಸೀನಿಯರ್‌ಗಳು ಆ ಜಾಗ ನಮಗೆ ತೋರಿಸಿಕೊಟ್ಟರು. ಹಗ್ಗ ಕಟ್ಟಿ ಸಾಕ್ಸ್ ನೇತುಹಾಕಿದರೆ ಒಂದು ರಾತ್ರಿಯಲ್ಲಿ ಒಣಗುತ್ತಿತ್ತು. ಅಡುಗೆಯ ಅಣ್ಣ ಬೈಯುತ್ತಿರಲಿಲ್ಲ. ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಕೆಳಗೆ ಬಿದ್ದದ್ದನ್ನೆಲ್ಲ ಎತ್ತಿ, ಜೋಡಿ ಮಾಡಿ ಕಟ್ಟೆ ಮೇಲೆ ಇಟ್ಟಿರುತ್ತಿದ್ದ. ಬೆಚ್ಚಗಿನ, ಒಗ್ಗರಣೆ ವಾಸನೆಯ ಆ ಸಾಕ್ಸನ್ನು ಕಾಲಿಗೆ ಏರಿಸಿಕೊಂಡಾಗ ಆಗುತ್ತಿದ್ದ ಖುಷಿ ಇದೆಯಲ್ಲ, ಅದನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಮಾರ್ಚ್, ಏಪ್ರಿಲ್ ಬಂತು ಅಂದರೆ ಇನ್ನೊಂದು ಲೋಕ. ಬೇಸಿಗೆಯ ಮೊದಲ ಮಳೆ ಒಂದು ಬಿದ್ದರೆ ಸಾಕು, ವಾರ, ಹತ್ತು ದಿನದಲ್ಲಿ ಸುತ್ತಲಿನ ಕಾಫಿ ಗಿಡಗಳೆಲ್ಲ ಒಟ್ಟಿಗೇ ಹೂ ಬಿಡುತ್ತವೆ. ಬೆಳಗಿನ ಪಿ.ಟಿ.ಗೆ ಮೈದಾನಕ್ಕೆ ಇಳಿದರೆ ಮಲ್ಲಿಗೆಯಂಥ ಪರಿಮಳ, ಇಡೀ ಇಳಿಜಾರು ಬೆಳ್ಳಗೆ. ಮೂರ್ನಾಲ್ಕು ದಿನ ಅಷ್ಟೇ, ಆಮೇಲೆ ಹೂ ಕಂದಿಹೋಗುತ್ತದೆ. ವಾರ್ಷಿಕ ಪರೀಕ್ಷೆಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಹಾಗಾಗಿ ನನಗೆ ಇವತ್ತಿಗೂ ಕಾಫಿ ಹೂವಿನ ವಾಸನೆ ಬಂದರೆ ಎದೆ ಸ್ವಲ್ಪ ಜೋರಾಗಿ ಹೊಡೆದುಕೊಳ್ಳುತ್ತದೆ.

ನವೋದಯದ್ದೇ ಒಂದು ವಿಶೇಷ ಇದೆ, ನಿಮಗೆ ಗೊತ್ತಿರಲಿ. 9ನೇ ತರಗತಿಯಲ್ಲಿ ನೂರಕ್ಕೆ 30 ಮಕ್ಕಳನ್ನು ಬೇರೆ ಭಾಷೆಯ ಕಡೆಯ ಇನ್ನೊಂದು ನವೋದಯಕ್ಕೆ ಕಳಿಸುತ್ತಾರೆ, ಅಲ್ಲಿಂದ ಮಕ್ಕಳು ಇಲ್ಲಿಗೆ ಬರುತ್ತಾರೆ. ಮೈಗ್ರೇಶನ್ ಅಂತಾರೆ. ನಾನು ಹೋಗಲಿಲ್ಲ, ಆದರೆ ಉತ್ತರದಿಂದ ಬಂದ ಒಬ್ಬ ಹುಡುಗ ನನ್ನ ಪಕ್ಕದ ಮಂಚಕ್ಕೆ ಬಂದ. ಬಂದ ಮೂರನೇ ದಿನ ಆಟದ ಮೈದಾನದಿಂದ ವಾಪಸ್ ಬಂದು ಶೂ ಬಿಚ್ಚಿದವನು ಕಿರುಚಿಕೊಂಡ. ಹಿಮ್ಮಡಿ ಮೇಲೆ ಉಂಬಳ, ಅಂದರೆ ಜಿಗಣೆ. ರಕ್ತ ಕುಡಿದು ದ್ರಾಕ್ಷಿ ಹಾಗೆ ದಪ್ಪಗಾಗಿತ್ತು. ಅವನು ಹಾವೇ ಕಚ್ಚಿತು ಅನ್ನುವಷ್ಟು ಹೆದರಿ ಬೆವರುತ್ತಿದ್ದ. ನಮ್ಮ ಹತ್ತಿರ ಮೆಸ್ಸಿನಿಂದ ತಂದ ಉಪ್ಪಿನ ಪೊಟ್ಟಣ ಯಾವಾಗಲೂ ಇರುತ್ತಿತ್ತು. ಒಂದು ಚಿಟಿಕೆ ಹಾಕಿದೆ, ಉಂಬಳ ಸುರುಟಿಕೊಂಡು ಉದುರಿತು. ರಕ್ತ ಮಾತ್ರ ತುಂಬಾ ಹೊತ್ತು ನಿಲ್ಲಲಿಲ್ಲ. ಉಂಬಳ ಕಚ್ಚುವಾಗ ರಕ್ತ ಹೆಪ್ಪುಗಟ್ಟದ ಹಾಗೆ ಏನನ್ನೋ ಬಿಡುತ್ತದೆ ಅಂತ ನನ್ನ ಅರೆಬರೆ ಹಿಂದಿಯಲ್ಲಿ ಹೇಳಲು ಹೋಗಿ ಸೋತೆ. ಅವನ ಕಾಲು ನನ್ನ ತೊಡೆಯ ಮೇಲಿಟ್ಟುಕೊಂಡು, ಬಟ್ಟೆ ಒತ್ತಿ ಹಿಡಿದು ಸುಮ್ನೆ ಕೂತೆ.

ಆ ವರ್ಷ ಪೂರ್ತಿ ಅವನು ನನಗೆ ಹಿಂದಿ ಕಲಿಸಿದ, ನಾನು ಅವನಿಗೆ ಕನ್ನಡ. ವರ್ಷದ ಕೊನೆಗೆ ಅವನು ಅಡುಗೆಯ ಅಣ್ಣನ ಹತ್ತಿರ "ಅಣ್ಣ, ಇನ್ನೊಂಚೂರು ಸಾರು ಹಾಕಿ" ಅಂತ ಕೇಳುವಷ್ಟು ಕಲಿತಿದ್ದ. ಹೊರಡುವ ದಿನ ಅವನ ಚೀಲದಲ್ಲಿ ಒಂದು ಉಪ್ಪಿನ ಪೊಟ್ಟಣ ಇಟ್ಟೆ. ಅವನ ಊರಲ್ಲಿ ಉಂಬಳ ಇಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

12ನೇ ತರಗತಿಗೆ ಬರುವಷ್ಟರಲ್ಲಿ ನಾನು ಹೌಸ್ ಕ್ಯಾಪ್ಟನ್. ಜುಲೈನಲ್ಲಿ ಹೊಸ ಮಕ್ಕಳು ಬಂದರು. ರಾತ್ರಿ ಮಳೆ ಜೋರಿದ್ದಾಗ ನಿದ್ದೆ ಮಾಡುತ್ತಿದ್ದೆ, ಮಳೆ ನಿಂತ ತಕ್ಷಣ ಎಚ್ಚರವಾಗುತ್ತಿತ್ತು. ಎದ್ದು ಚಿಕ್ಕವರ ಕೋಣೆಗೆ ಹೋಗಿ, ಕಿಟಕಿ ಹಾಕುವ ನೆಪದಲ್ಲಿ ಒಂದು ಸುತ್ತು ಹಾಕಿ, ಯಾವ ಮಂಚದಿಂದ ಮೂಗು ಏರಿಸುವ ಸದ್ದು ಬರುತ್ತಿದೆಯೋ ಅದರ ತುದಿಯಲ್ಲಿ ಸ್ವಲ್ಪ ಹೊತ್ತು ಕೂರುತ್ತಿದ್ದೆ. ಏನೂ ಹೇಳುತ್ತಿರಲಿಲ್ಲ. ಕಂಬಳಿ ಸರಿ ಮಾಡಿ ಎದ್ದು ಬರುತ್ತಿದ್ದೆ. ನಾನು ಸೇರಿದ ವರ್ಷ ನಮ್ಮ ಕ್ಯಾಪ್ಟನ್ ಕೂಡ ಹಾಗೇ ಕಿಟಕಿ ಹಾಕಲು ಬರುತ್ತಿದ್ದರು. ಅದು ಯಾಕೆ ಅಂತ ನನಗೆ ಅರ್ಥವಾಗಿದ್ದು ಆಗಲೇ.

ಕೊನೆಗೆ ಪೋಷಕರ ಭಾನುವಾರದ ಮಾತು ಹೇಳಲೇಬೇಕು. ನಮಗೆ ತಿಂಗಳಿಗೆ ಒಂದು ಭಾನುವಾರ ಮನೆಯವರು ಬರಬಹುದಿತ್ತು. ಬೆಳಿಗ್ಗೆಯಿಂದಲೇ ಎಲ್ಲರ ಕಣ್ಣು ಗೇಟಿನ ಕಡೆ. ಮೊದಲ ಸಲ ಅಪ್ಪ ಬರುವುದಾಗಿ ಕಾಗದ ಬರೆದಿದ್ದರು. ಹತ್ತಾಯಿತು, ಹನ್ನೊಂದಾಯಿತು, ಬರಲಿಲ್ಲ. ಎಲ್ಲರೂ ಮರದ ಕೆಳಗೆ, ವರಾಂಡದಲ್ಲಿ ಡಬ್ಬಿ ಬಿಚ್ಚಿ ಕೂತಿದ್ದರು. ನಾನು ಗೇಟಿನ ಪಕ್ಕದ ಕಲ್ಲಿನ ಮೇಲೆ. ಗೆಳೆಯನ ಅಮ್ಮ ಬಂದು ಕೈಹಿಡಿದು ಎಬ್ಬಿಸಿ, "ಬಾ ಮಗ, ಅಪ್ಪ ಬರೋ ಹೊತ್ತಿಗೆ ಹೊಟ್ಟೆ ತುಂಬಿರ್ಲಿ" ಅಂತ ತಮ್ಮ ತಟ್ಟೆಯಿಂದಲೇ ಕಡುಬು ಮುರಿದು ಕೊಟ್ಟರು. ಅಪ್ಪ ಬಂದಾಗ ಎರಡು ಗಂಟೆ. ದಾರಿಯಲ್ಲಿ ಮರ ಬಿದ್ದು ಬಸ್ಸು ನಿಂತಿತ್ತಂತೆ. ಪಂಚೆ ಮೊಣಕಾಲ ತನಕ ಕೆಸರು, ಎದೆಗೆ ಅವಚಿಕೊಂಡಿದ್ದ ಚಕ್ಕುಲಿ ಡಬ್ಬಿ ಮಾತ್ರ ಒಂದು ಹನಿ ನೆನೆದಿರಲಿಲ್ಲ. ಅದನ್ನು ಮೊದಲು ಗೆಳೆಯನ ಅಮ್ಮನಿಗೇ ಕೊಟ್ಟೆ.

ಮನಸ್ಸು ಗಟ್ಟಿ ಮಾಡಿ ಕಳಿಸಿ. ಟ್ರಂಕಿನಲ್ಲಿ ಸಾಕ್ಸ್ ನಾಲ್ಕು ಜೋಡಿ ಜಾಸ್ತಿ ಇಡಿ, ಒಂದು ನೈಲಾನ್ ಹಗ್ಗ, ಒಂದು ಡಜನ್ ಕ್ಲಿಪ್ಪು, ಒದ್ದೆ ಬಟ್ಟೆ ಬೇರೆ ಇಡಲು ದಪ್ಪ ಪ್ಲಾಸ್ಟಿಕ್ ಕವರು. ತಿಂಡಿ ಡಬ್ಬಿ ಹತ್ತು ಮಕ್ಕಳಿಗೆ ಸಾಲುವಷ್ಟು ತುಂಬಿ. ಮೊದಲ ಭೇಟಿಯ ಭಾನುವಾರ ಬೆಳಗಿನ ಮೊದಲ ಬಸ್ಸಿಗೇ ಹೊರಡಿ. ಗೇಟಿನ ಪಕ್ಕದಲ್ಲಿ ಯಾವುದಾದರೂ ಮಗು ಒಂಟಿಯಾಗಿ ಕೂತಿದ್ದರೆ ಅದನ್ನೂ ಕರೆದುಕೊಂಡು ಬಂದು ನಿಮ್ಮ ಮಗಳ ಪಕ್ಕ ಕೂರಿಸಿಕೊಳ್ಳಿ.