ಅನುಮಾನದ ಡೊಮೈನ್ ಯಾರದ್ದು ಅಂತ ರಿವರ್ಸ್ ಡಿಎನ್‌ಎಸ್‌ನಿಂದ ಗೊತ್ತಾಗುತ್ತಾ?

ನೇರವಾಗಿ ಗೊತ್ತಾಗುವುದಿಲ್ಲ, ಆದರೆ ಒಳ್ಳೆ ಸುಳಿವು ಸಿಗುತ್ತದೆ. ರಿವರ್ಸ್ ಡಿಎನ್‌ಎಸ್ ಅಂದರೆ ಸರ್ವರ್‌ನ ಅಂಕಿ ವಿಳಾಸದಿಂದ (ಐಪಿ) ಅದರ ಹೆಸರು ಹುಡುಕುವುದು. ಮೊದಲು ಡೊಮೈನ್‌ನ ಐಪಿ ವಿಳಾಸ ಹುಡುಕಿ, ಆಮೇಲೆ ಅದನ್ನು ಕಂಪ್ಯೂಟರ್‌ನ ಎನ್‌ಎಸ್‌ಲುಕಪ್ (nslookup) ಕಮಾಂಡ್‌ಗೆ ಕೊಡಿ. ಆ ಐಪಿಗೆ ಪಿಟಿಆರ್ ದಾಖಲೆ (ಐಪಿಯ ಹೆಸರು ಹೇಳುವ ಡಿಎನ್‌ಎಸ್ ದಾಖಲೆ) ಇದ್ದರೆ ಅದರಲ್ಲಿರುವ ಹೆಸರು ಬರುತ್ತದೆ. 8.8.8.8 ಕೊಟ್ಟು ನೋಡಿ, ‘ಡಿಎನ್‌ಎಸ್ ಡಾಟ್ ಗೂಗಲ್’ ಅಂತ ತೋರಿಸುತ್ತದೆ. ಬ್ಯಾಂಕಿನದು ಅಂತ ಬಂದ ಲಿಂಕ್ ಯಾವುದೋ ಅಗ್ಗದ ಬಾಡಿಗೆ ಸರ್ವರ್‌ನ ಹೆಸರು ತೋರಿಸಿದರೆ ಅನುಮಾನ ಪಡಲೇಬೇಕು, ಅಲ್ವಾ?

ಆದರೆ ಬಂದ ಹೆಸರನ್ನು ಸುಮ್ನೆ ನಂಬಬೇಡಿ. ಪಿಟಿಆರ್ ದಾಖಲೆ ಆ ಐಪಿ ಇಟ್ಟುಕೊಂಡವರ ಕೈಯಲ್ಲಿರುತ್ತದೆ, ಅವರು ಏನು ಬೇಕಾದರೂ ಬರೆಯಬಹುದು. ಆ ಹೆಸರನ್ನು ತಿರುಗಿ ಹುಡುಕಿ, ಅದೇ ಐಪಿ ಬರುತ್ತಾ ನೋಡಿ. ಸೈಟ್‌ಗಳನ್ನು ಓದಲು ಬರುವ ಗೂಗಲ್‌ನ ಪ್ರೋಗ್ರಾಂ ಗೂಗಲ್‌ಬಾಟ್ ಅಸಲಿಯೋ ನಕಲಿಯೋ ತಿಳಿಯಲು ಗೂಗಲ್ ಹೇಳುವ ದಾರಿಯೂ ಇದೇ. ಡೊಮೈನ್ ಕ್ಲೌಡ್‌ಫ್ಲೇರ್‌ನಂಥ, ಅಸಲಿ ಸರ್ವರ್‌ನ ಐಪಿ ಮರೆಮಾಡುವ ಸೇವೆಯ ಹಿಂದಿದ್ದರೆ ಇದರಿಂದ ಜಾಸ್ತಿ ಏನೂ ಸಿಗುವುದಿಲ್ಲ. ಆಗ ಹೂಈಸ್‌ನಲ್ಲಿ (WHOIS, ಡೊಮೈನ್ ನೋಂದಣಿ ವಿವರ ತೋರಿಸುವ ಸೇವೆ) ನೋಂದಣಿ ದಿನಾಂಕ ನೋಡಿ. ಮೊನ್ನೆ ಮೊನ್ನೆ ನೋಂದಣಿಯಾಗಿದ್ದರೆ ಆ ಲಿಂಕ್ ಮುಟ್ಟಬೇಡಿ.