ಕ್ಯಾಮೆರಾ ದಂಡದ ನೋಟಿಸ್ ಬಂದಿದೆ: ಕಟ್ಟಬೇಕಾ, ತಕರಾರು ಹಾಕಬೇಕಾ?

ಪ್ರಶ್ನೆ: ಸರ್, ನನ್ನ ಕಾರಿನ ಮೇಲೆ ಕ್ಯಾಮೆರಾ ದಂಡದ ನೋಟಿಸ್ ಬಂದಿದೆ. 60ರ ಮಿತಿ ಇರುವ ರಸ್ತೆಯಲ್ಲಿ 74ರಲ್ಲಿ ಹೋಗಿದ್ದೇನೆ ಅಂತ ಬರೆದಿದ್ದಾರೆ. ಆ ದಿನ ಗಾಡಿ ಓಡಿಸಿದ್ದು ನನ್ನ ಭಾವಮೈದುನ. ಅಷ್ಟು ಜೋರಾಗಿ ಹೋಗೇ ಇಲ್ಲ ಅಂತಾನೆ ಅವನು. ಒಬ್ಬರು ಸುಮ್ನೆ ಕಟ್ಟಿಬಿಡು ಅಂತಾರೆ, ಇನ್ನೊಬ್ಬರು ತಲೆ ಕೆಡಿಸಿಕೊಳ್ಳಬೇಡ, ಯಾರೂ ಮನೆಗೆ ಬರಲ್ಲ ಅಂತಾರೆ. ಏನು ಮಾಡಲಿ?

ಉತ್ತರ: ಆ ಎರಡನೆಯವರ ಮಾತನ್ನು ಮಾತ್ರ ಕೇಳಬೇಡಿ. ಪ್ರತಿ ನೋಟಿಸಿಗೂ ಒಂದು ಗಡುವು ಇರುತ್ತದೆ. ಅದು ದಾಟಿದ ಮೇಲೆ ನಿಮ್ಮ ಕಡೆ ನ್ಯಾಯ ಇದ್ದರೂ ಕೇಳುವವರು ಇರಲ್ಲ. ಗಡುವು ಎಷ್ಟು ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಜರ್ಮನಿಯಲ್ಲಿ ದಂಡದ ಆದೇಶ ಕೈಗೆ ಬಂದ ಮೇಲೆ ಆಕ್ಷೇಪ ಹಾಕಲು ಎರಡೇ ವಾರ. ಹಾಗೇ ನೋಟಿಸ್ ಕಳಿಸುವವರಿಗೂ ಗಡುವು ಇದೆ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ 14 ದಿನದೊಳಗೆ ಅದು ಮಾಲೀಕರಿಗೆ ತಲುಪಬೇಕು. ಭಾರತದಲ್ಲಿ 2021ರ ನಿಯಮ 15 ದಿನದೊಳಗೆ ಕಳಿಸಬೇಕು ಅನ್ನುತ್ತದೆ. ಹಾಗಾಗಿ ತಪ್ಪು ನಡೆದ ದಿನ, ನೋಟಿಸ್ ಹೊರಟ ದಿನ, ನಿಮ್ಮ ಕೈ ಸೇರಿದ ದಿನ, ಈ ಮೂರನ್ನೂ ಮೊದಲು ಒಂದು ಕಡೆ ಬರೆದಿಟ್ಟುಕೊಳ್ಳಿ, ಲಕೋಟೆಯನ್ನೂ ಬಿಸಾಡಬೇಡಿ.

ಆಮೇಲೆ ಫೋಟೊ. ಕಟ್ಟುವುದೋ ಬಿಡುವುದೋ ಅಂತ ಫೋಟೊ ನೋಡದೆ ತೀರ್ಮಾನ ಮಾಡಲೇಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. ಯಾಕೆಂದರೆ ಸಾಮಾನ್ಯವಾಗಿ ದಂಡ ಕಟ್ಟಿದರೆ ತಪ್ಪು ಒಪ್ಪಿಕೊಂಡ ಹಾಗೆ, ಆಮೇಲೆ ಹಿಂದೆ ತಗೊಳ್ಳೋದು ಬಹಳ ಕಷ್ಟ. ನೋಟಿಸಿನಲ್ಲಿ ಒಂದೇ ಮಸುಕು ಚಿತ್ರ ಇದ್ದರೆ ಎಲ್ಲಾ ಮೂಲ ಫೋಟೊಗಳನ್ನೂ ಬರವಣಿಗೆಯಲ್ಲಿ ಕೇಳಿ. ನಂಬರ್ ನಿಮ್ಮದೇನಾ? ಜಾಗ, ಹೊತ್ತು ಸರಿಯಿದೆಯಾ? ಚಿತ್ರದಲ್ಲಿ ಪಕ್ಕಪಕ್ಕ ಎರಡು ಗಾಡಿ ಇದ್ದರೆ ವೇಗ ಯಾವುದರದು?

ಕೆಲವು ಕ್ಯಾಮೆರಾಗಳು ಅರ್ಧ ಸೆಕೆಂಡ್ ಬಿಟ್ಟು ಎರಡು ಫೋಟೊ ತೆಗೆಯುತ್ತವೆ, ರಸ್ತೆ ಮೇಲೆ ಸಮ ಅಂತರದಲ್ಲಿ ಬಿಳಿ ಗೆರೆಗಳೂ ಇರುತ್ತವೆ. ನಿಮ್ಮದೂ ಅಂಥದ್ದೇ ಆದರೆ ಮನೆಯಲ್ಲೇ ಕೂತು ಲೆಕ್ಕ ಹಾಕಬಹುದು. 74 ಕಿ.ಮೀ. ವೇಗದಲ್ಲಿ ಅರ್ಧ ಸೆಕೆಂಡಿಗೆ ಕಾರು 10 ಮೀಟರಿಗಿಂತ ಸ್ವಲ್ಪ ಜಾಸ್ತಿ ಮುಂದೆ ಹೋಗಿರಬೇಕು. 60ರಲ್ಲಾದರೆ ಸುಮಾರು 8.3 ಮೀಟರ್. ಅಂದರೆ ವ್ಯತ್ಯಾಸ ಎರಡು ಮೀಟರಿನ ಹತ್ತಿರ, ಗೆರೆ ಎಣಿಸಿದರೆ ಗೊತ್ತಾಗಿಬಿಡುತ್ತದೆ. ಭಾವಮೈದುನನನ್ನೂ ಪಕ್ಕದಲ್ಲಿ ಕೂರಿಸಿಕೊಂಡೇ ಎಣಿಸಿ.

ಕ್ಯಾಮೆರಾ ಓರೆಯಾಗಿ ಇತ್ತು, ಅದಕ್ಕೇ ತಪ್ಪು ತೋರಿಸಿದೆ ಅಂತ ಜಾಸ್ತಿ ಜನ ವಾದ ಮಾಡುತ್ತಾರೆ. ನೇರ ರಸ್ತೆಯಲ್ಲಿ ಈ ವಾದ ನಿಲ್ಲಲ್ಲ. ರೇಡಾರ್ ಓರೆಯಿಂದ ನೋಡಿದಾಗ ಅಳೆದ ವೇಗ ನಿಜವಾದ ವೇಗಕ್ಕಿಂತ ಕಡಿಮೆಯೇ ಬರುತ್ತದೆ. 20 ಡಿಗ್ರಿ ಓರೆ ಇದ್ದು ಅದನ್ನು ಲೆಕ್ಕಕ್ಕೆ ತಗೊಳ್ಳದಿದ್ದರೆ 100 ಅನ್ನುವುದು 94 ಆಗುತ್ತದೆ, ಅಂದರೆ ಲಾಭ ನಿಮಗೇ. ಇದರ ಬದಲು ಆ ಯಂತ್ರವನ್ನು ಕೊನೆಯ ಸಲ ಪರೀಕ್ಷೆ ಮಾಡಿದ್ದು ಯಾವಾಗ, ಅದರ ಪ್ರಮಾಣಪತ್ರದ ಅವಧಿ ಮುಗಿದಿತ್ತಾ ಅಂತ ಕೇಳಿ. ವೇಗಮಿತಿಯ ಬೋರ್ಡ್ ಮರದ ಕೊಂಬೆಗೆ ಮುಚ್ಚಿಹೋಗಿದ್ದರೆ ಇವತ್ತೇ ಹೋಗಿ ಫೋಟೊ ತೆಗೆಯಿರಿ. ನಾಳೆ ಯಾರಾದರೂ ಕೊಂಬೆ ಕಡಿದರೆ ನಿಮ್ಮ ಸಾಕ್ಷಿ ಹೋಯಿತು, ಅಲ್ವಾ?

ಇನ್ನು ಓಡಿಸಿದ್ದು ಯಾರು ಅನ್ನುವ ವಿಷಯ. ಕೆಲವು ಕಡೆ ದಂಡ ಮಾಲೀಕರದ್ದೇ, ಯಾರೇ ಓಡಿಸಿರಲಿ. ಜರ್ಮನಿಯಂಥ ಕಡೆ ಓಡಿಸಿದವರನ್ನೇ ಹಿಡಿಯುತ್ತಾರೆ, ಅದಕ್ಕೇ ಅಲ್ಲಿ ಮುಖವೂ ಕಾಣುವ ಹಾಗೆ ಫೋಟೊ ತೆಗೆಯುತ್ತಾರೆ. ಬ್ರಿಟನ್ನಿನಲ್ಲಿ ಮಾಲೀಕರು 28 ದಿನದೊಳಗೆ ಓಡಿಸಿದವರ ಹೆಸರು ಹೇಳಬೇಕು, ಹೇಳದಿದ್ದರೆ ಅದೇ ಒಂದು ಬೇರೆ ಅಪರಾಧ. ವೇಗದ ತಪ್ಪಿಗೆ ಲೈಸೆನ್ಸ್ ಮೇಲೆ ಕನಿಷ್ಠ 3 ಪಾಯಿಂಟ್, ಅಂದರೆ ತಪ್ಪಿನ ಲೆಕ್ಕ ಇಡುವ ಅಂಕ, ಬಿದ್ದರೆ ಹೆಸರು ಹೇಳದಿದ್ದಕ್ಕೆ 6. ನಿಮ್ಮ ನೋಟಿಸಿನಲ್ಲಿ ಚಾಲಕರ ವಿವರ ಕೇಳುವ ಜಾಗ ಇದ್ದರೆ ಭಾವಮೈದುನನಿಗೆ ಮೊದಲೇ ತಿಳಿಸಿ, ಅವನ ಲೈಸೆನ್ಸ್ ನಂಬರ್ ಸಹಿತ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ.

ಆದರೆ ಓಡಿಸದವರ ಹೆಸರನ್ನು ಯಾವತ್ತೂ ಬರೆಯಬೇಡಿ. ಆಸ್ಟ್ರೇಲಿಯಾದಲ್ಲಿ ಮಾರ್ಕಸ್ ಐನ್‌ಫೆಲ್ಡ್ ಅಂತ ಒಬ್ಬ ನಿವೃತ್ತ ನ್ಯಾಯಾಧೀಶರಿದ್ದರು. 2006ರಲ್ಲಿ ಕ್ಯಾಮೆರಾ ಹಾಕಿದ 77 ಡಾಲರ್ ದಂಡ ತಪ್ಪಿಸಿಕೊಳ್ಳಲು ಕಾರು ಓಡಿಸಿದ್ದು ಒಬ್ಬ ಸ್ನೇಹಿತೆ ಅಂದರು. ಆಕೆ ತೀರಿಕೊಂಡು ಆಗಲೇ ಮೂರು ವರ್ಷ ಆಗಿತ್ತು. 2009ರಲ್ಲಿ ಅವರಿಗೆ ಮೂರು ವರ್ಷ ಜೈಲು ಶಿಕ್ಷೆ ಆಯಿತು. ಒಂದು ಸಣ್ಣ ದಂಡಕ್ಕೆ ಇಡೀ ಜೀವನದ ಹೆಸರು ಹೋಯಿತು, ಈಗಲೂ ಅದನ್ನು ನೆನೆದರೆ ಸಂಕಟವಾಗುತ್ತದೆ.

ಲೆಕ್ಕ ಹಾಕಿ ನೋಡಿದಾಗ 74 ನಿಜವೇ ಅಂತಾದರೆ ಬೇಗ ಕಟ್ಟಿಬಿಡಿ. ಬೇಗ ಕಟ್ಟಿದವರಿಗೆ ಕೆಲವು ಕಡೆ ರಿಯಾಯಿತಿಯೂ ಇದೆ. ಒಟ್ಟಿಗೆ ಕಟ್ಟಲು ಆಗದಿದ್ದರೆ ಕಂತು ಕೇಳಬಹುದು. ರೋಗಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಂಥ ಕಾರಣ ಇದ್ದರೆ ಆ ದಿನದ ಚೀಟಿ ಲಗತ್ತಿಸಿ ದಂಡ ಬಿಡಿ ಅಂತ ಬೇಡಿಕೊಳ್ಳಬಹುದು. ಲೆಕ್ಕ ಹೊಂದದಿದ್ದರೆ ತಕರಾರು ಹಾಕಿ. ಅರ್ಜಿ ಒಂದೇ ಪುಟ ಇರಲಿ, ಸಿಟ್ಟು ಬೇಡ. ಸಲ್ಲಿಸಿದ್ದಕ್ಕೆ ರಸೀದಿ ಮಾತ್ರ ಬಿಡದೆ ತಗೊಳ್ಳಿ.

ಪ್ರಶ್ನೆ: ಸಿಗ್ನಲ್ ಹಾರಿದ್ದೀರಿ ಅಂತ ನೋಟಿಸ್ ಬಂದಿದೆ, ಅದರಲ್ಲಿರುವ ನಂಬರ್ ನನ್ನದೇ. ಫೋಟೊದಲ್ಲಿರುವ ಬೈಕ್ ಮಾತ್ರ ನನ್ನದಲ್ಲ. ದಂಡ ಸಣ್ಣದು, ಕಟ್ಟಿ ಕೈ ತೊಳೆದುಕೊಳ್ಳಲಾ?

ಉತ್ತರ: ದಯವಿಟ್ಟು ಕಟ್ಟಬೇಡಿ. ಇದು ಎರಡರಲ್ಲಿ ಒಂದು. ನಂಬರ್ ಓದುವ ಕಂಪ್ಯೂಟರು 8 ಅನ್ನು ಬಿ ಅಂತಲೋ ಸೊನ್ನೆಯನ್ನು ಡಿ ಅಂತಲೋ ತಪ್ಪಾಗಿ ಓದಿರಬಹುದು. ಇಲ್ಲವೇ ಯಾರೋ ನಿಮ್ಮ ನಂಬರನ್ನು ತಮ್ಮ ಬೈಕಿಗೆ ಹಾಕಿಕೊಂಡಿದ್ದಾರೆ. ಮೊದಲನೆಯದಾದರೆ ನಿಮ್ಮ ಬೈಕಿನ ಫೋಟೊವನ್ನು ಅದೇ ಕೋನದಿಂದ ತೆಗೆದು, ಆರ್‌ಸಿ ಪ್ರತಿ ಜೊತೆ ಕಳಿಸಿದರೆ ಸಾಮಾನ್ಯವಾಗಿ ಸಾಕು. ಬಣ್ಣ, ಮಾಡೆಲ್, ಕನ್ನಡಿ, ಸ್ಟಿಕ್ಕರ್, ಏನು ಬೇರೆ ಇದೆಯೋ ಅದನ್ನು ಬೊಟ್ಟು ಮಾಡಿ ತೋರಿಸಿ. ಎರಡನೆಯದಾದರೆ ತಡ ಮಾಡದೆ ಪೊಲೀಸರಿಗೆ ದೂರು ಕೊಡಿ. ಇವತ್ತು ಬಂದಿರುವುದು ಸಿಗ್ನಲ್ ಹಾರಿದ ದಂಡ, ನಾಳೆ ಅದೇ ಬೈಕು ಯಾರಿಗಾದರೂ ಗುದ್ದಿ ಓಡಿಹೋದರೆ ಹುಡುಕಿಕೊಂಡು ಬರುವುದು ನಿಮ್ಮ ಮನೆಗೆ. ದೂರಿನ ಪ್ರತಿ ನಿಮ್ಮ ಹತ್ತಿರ ಇರಲೇಬೇಕು.

ಪ್ರಶ್ನೆ: ದಂಡ ಬಾಕಿ ಇದೆ ಅಂತ ಮೊಬೈಲಿಗೆ ಮೆಸೇಜ್ ಬಂದಿದೆ, ಲಿಂಕ್ ಕೂಡ ಇದೆ. ಒತ್ತಲಾ?

ಉತ್ತರ: ಒತ್ತಬೇಡಿ. ಸಾರಿಗೆ ಇಲಾಖೆಯ ವೆಬ್‌ಸೈಟ್ ವಿಳಾಸವನ್ನು ನೀವೇ ಟೈಪ್ ಮಾಡಿ, ಗಾಡಿ ನಂಬರ್ ಹಾಕಿ ನೋಡಿ. ದಂಡ ನಿಜ ಆಗಿದ್ದರೆ ಅಲ್ಲಿ ಕಾಣುತ್ತದೆ. ಮೆಸೇಜಿನ ಜೊತೆ ಫೋನಿಗೆ ಹಾಕಿಕೊಳ್ಳಿ ಅಂತ ಯಾವುದಾದರೂ ಆ್ಯಪ್ ಬಂದಿದ್ದರೆ ಅದು ಮೋಸವೇ. ಆಗಲೇ ಒತ್ತಿ ದುಡ್ಡು ಹೋಗಿದ್ದರೆ ಇದನ್ನು ಓದುವುದು ಬಿಟ್ಟು ಮೊದಲು ಬ್ಯಾಂಕಿಗೆ ಫೋನ್ ಮಾಡಿ, ಆಮೇಲೆ ಸೈಬರ್ ಪೊಲೀಸರಿಗೆ ದೂರು ಕೊಡಿ.